ತೆಂಗಿನ ಗರಿಯಲ್ಲೊಂದು ಡ್ರೋನು

ಶಿವಮೊಗ್ಗದಲ್ಲಿ ನನ್ನ ಗೆಳೆಯನದೊಂದು ರಿಪೇರಿ ಅಂಗಡಿ ಇದೆ. ಮೊದಲು ರೀಲು ಹಾಕುವ ಕ್ಯಾಮೆರಾ ಬಿಚ್ಚುತ್ತಿದ್ದ, ಆಮೇಲೆ ಮದುವೆಮನೆಯ ವಿಡಿಯೋ ಕ್ಯಾಮೆರಾ, ಈಗ ಮೇಜಿನ ತುಂಬ ಡ್ರೋನು. ತೋಳು ಮುರಿದದ್ದು, ರೆಕ್ಕೆ ಸೀಳಿದ್ದು, ಕ್ಯಾಮೆರಾ ಜೋತುಬಿದ್ದದ್ದು. ಒಂದೊಂದರ ಗತಿ ಒಂದೊಂದು ಥರ. ಹೊತ್ತು ತಂದವರ ಮಾತು ಮಾತ್ರ ಒಂದೇ: "ನಾನೇನೂ ಮಾಡ್ಲಿಲ್ಲ ಸಾರ್, ಅದಾಗದೇ ಹೋಗ್ಬಿಡ್ತು."

ಗೆಳೆಯ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. "ಎಲ್ಲಿಂದ ಎತ್ತಿದ್ರಿ?" ಅನ್ನುತ್ತಾನೆ. ಟೆರೇಸಾ, ಮೈದಾನವಾ, ಕಾರಿನ ಬಾನೆಟ್ಟಾ? ಎತ್ತೋಕೆ ಮುಂಚೆ ಎಷ್ಟು ಹೊತ್ತು ಕಾದ್ರಿ? ಗಾಳಿ ಯಾವ ಕಡೆಯಿಂದ ಇತ್ತು? ಬ್ಯಾಟರಿ ಚಾರ್ಜ್ ಮಾಡಿದ್ದು ಯಾವಾಗ? ಬಂದವರಿಗೆ ಪೊಲೀಸ್ ಸ್ಟೇಷನ್ನಿಗೆ ಬಂದಂತಾಗಿ ಮುಖ ಸಣ್ಣದಾಗುತ್ತದೆ. ಕೊನೆಗೆ ಅವರ ಫೋನು ಇಸಿದುಕೊಂಡು ಹಾರಾಟದ ಲಾಗ್ ತೆಗೆಯುತ್ತಾನೆ. ಯಾವ ಕ್ಷಣದಲ್ಲಿ ಯಾವ ಸ್ಟಿಕ್ಕು ಎಷ್ಟು ಒತ್ತಿದರು, ಎತ್ತರ ಎಷ್ಟಿತ್ತು, ಎಷ್ಟು ಉಪಗ್ರಹ ಸಿಕ್ಕಿದ್ದವು, ಬ್ಯಾಟರಿಯ ವೋಲ್ಟೇಜು ಎಲ್ಲಿ ಕುಸಿಯಿತು, ಎಲ್ಲ ಅದರಲ್ಲಿ ಸಾಲಾಗಿ ಬರೆದಿಟ್ಟಿರುತ್ತದೆ. ಅದನ್ನು ನೋಡುತ್ತ ನೋಡುತ್ತ ಎದುರಿಗಿದ್ದವರು ಮೆಲ್ಲಗೆ "ಅದೊಂದು ವಾರ್ನಿಂಗ್ ಬಂದಿತ್ತು ಸಾರ್, ತಳ್ಳಿಬಿಟ್ಟೆ" ಎಂದು ಬಾಯಿಬಿಡುತ್ತಾರೆ.

ನನ್ನ ಹತ್ತಿರವೂ ಒಂದು ಪುಟ್ಟ ಡ್ರೋನು ಇದೆ. ಅದರ ನೆಪದಲ್ಲಿ ಭಾನುವಾರ ಇವನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕೂತು ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಡ್ರೋನು ಕೆಡುವುದು ಕಡಿಮೆ, ತಪ್ಪು ತಿಳಿದುಕೊಳ್ಳುವುದು ಹೆಚ್ಚು. ದಿಕ್ಕು ಹೇಳಲು ಅದಕ್ಕೊಂದು ದಿಕ್ಸೂಚಿ, ಎತ್ತರ ಹೇಳಲು ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್, ತಾನೆಲ್ಲಿದ್ದೇನೆಂದು ಹೇಳಲು ಉಪಗ್ರಹ, ಮೈ ವಾಲಿದೆಯೋ ನೆಟ್ಟಗಿದೆಯೋ ಹೇಳಲು ಐಎಂಯು, ನೆಲ ತೋರಿಸಲು ಹೊಟ್ಟೆಯಡಿಯ ಸಣ್ಣ ಕ್ಯಾಮೆರಾ. ಇಷ್ಟು ಜನರ ಮಾತು ಕೇಳಿ ಅದು ನಡೆದುಕೊಳ್ಳುತ್ತದೆ. ಇವರಲ್ಲೊಬ್ಬ ಸುಳ್ಳು ಹೇಳಿದರೆ ಸಾಕು, ಮೋಟಾರು, ರೆಕ್ಕೆ, ಬ್ಯಾಟರಿ ಎಲ್ಲ ಸರಿಯಿದ್ದೂ ಡ್ರೋನು ಗೋಡೆಗೆ ಹೋಗಿ ಬಡಿಯುತ್ತದೆ.

ಸುಳ್ಳುಗಾರರಲ್ಲಿ ಮೊದಲನೆಯವನು ದಿಕ್ಸೂಚಿ. ಅವನನ್ನು ಕೆಡಿಸುವುದು ನಮ್ಮ ಕಲ್ಯಾಣಮಂಟಪದ ಟೆರೇಸು.

ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟು ಇದರ ನೂರು ಪಟ್ಟು ಜೋರು. ಇಷ್ಟು ಮೆದುವಾದ ಎಳೆತವನ್ನು ಹಿಡಿದು ಡ್ರೋನು ಉತ್ತರ ಯಾವ ಕಡೆ ಎಂದು ಗೊತ್ತುಮಾಡಿಕೊಳ್ಳಬೇಕು. ಅದನ್ನು ತಂದು ಇಡುವುದೋ ಮೋಲ್ಡಿಂಗಿನ ಮೇಲೆ. ಕೆಳಗೆ ಗೇಣು ಗೇಣಿಗೆ ಕಬ್ಬಿಣದ ಕಂಬಿ, ಪಕ್ಕದಲ್ಲಿ ಆ್ಯಂಗಲ್ ಸ್ಟ್ಯಾಂಡಿನ ಮೇಲೆ ನೀರಿನ ಟ್ಯಾಂಕು, ಆ ಕಡೆ ತಗಡಿನ ಚಪ್ಪರ. ಕಂಬಿ ಎಳೆದ ಕಡೆಯೇ ಉತ್ತರವೆಂದು ಡ್ರೋನು ನಂಬಿ ಮೇಲೇಳುತ್ತದೆ. ಹತ್ತಡಿ ಏಳುವಷ್ಟರಲ್ಲಿ ಕಂಬಿಯ ಪ್ರಭಾವ ಕಳೆದು ನಿಜವಾದ ಉತ್ತರ ಗೋಚರಿಸುತ್ತದೆ. ನೆಲದಲ್ಲಿ ನಂಬಿದ್ದು ಒಂದು, ಈಗ ಕಾಣುತ್ತಿರುವುದು ಇನ್ನೊಂದು. ಗಾಳಿ ಎಡಕ್ಕೆ ತಳ್ಳಿದರೆ ಬಲಕ್ಕೆ ಬರಬೇಕಾದದ್ದು ಮುಂದಕ್ಕೆ ಹೋಗುತ್ತದೆ, ಅದನ್ನು ಸರಿಪಡಿಸಲು ಹೋಗಿ ಇನ್ನೊಂದು ಕಡೆಗೆ, ಹೀಗೆ ಸುತ್ತು ಹಾಕಲು ಶುರುಮಾಡುತ್ತದೆ. ಸುತ್ತು ಅಗಲವಾಗುತ್ತ, ವೇಗ ಏರುತ್ತ ಕೊನೆಗೆ ಟ್ಯಾಂಕಿಗೋ ಬ್ಯಾನರಿನ ಕಂಬಕ್ಕೋ ಗುದ್ದಿ ನಿಲ್ಲುತ್ತದೆ. ಕೆಳಗೆ ನಿಂತವರು ಮೋಟಾರು ಕೆಟ್ಟಿತು ಅನ್ನುತ್ತಾರೆ. ಮೋಟಾರಿಗೆ ಏನೂ ಆಗಿರುವುದಿಲ್ಲ.

ಇದಕ್ಕೆ ಔಷಧ ಸುಲಭ. ಕಬ್ಬಿಣದಿಂದ ದೂರ, ಬರಿ ಮಣ್ಣಿನ ಮೇಲೆ ಇಟ್ಟು ಎತ್ತುವುದು. ಟೆರೇಸೇ ಗತಿ ಅಂತಾದರೆ ಮರದ ಸ್ಟೂಲಿನ ಮೇಲಿಟ್ಟು ಎತ್ತಿದರೂ ಎಷ್ಟೋ ವಾಸಿ. ಎತ್ತುವ ಮೊದಲು ಪರದೆಯ ನಕ್ಷೆಯಲ್ಲಿ ಡ್ರೋನಿನ ಬಾಣ ಯಾವ ಕಡೆ ಮೂತಿ ಮಾಡಿದೆ ನೋಡಬೇಕು, ನೆಲದ ಮೇಲಿರುವ ಡ್ರೋನು ಯಾವ ಕಡೆ ಮೂತಿ ಮಾಡಿದೆ ಅಂತಲೂ ನೋಡಬೇಕು. ಎರಡೂ ಹೊಂದದಿದ್ದರೆ ಅದು ಆಗಲೇ ದಾರಿ ತಪ್ಪಿದೆ, ಜಾಗ ಬದಲಿಸಬೇಕು. ಸುತ್ತು ಹಾಕಲು ಶುರುವಾದ ಮೇಲೆ ಗೊತ್ತಾದರೆ ಗಾಬರಿಯಲ್ಲಿ ಎರಡೂ ಸ್ಟಿಕ್ಕು ಎಳೆದಾಡದೆ, ಜನರ ಮೇಲಿಂದ ಪಕ್ಕಕ್ಕೆ ತಂದು ಇಳಿಸಿಬಿಡುವುದೊಂದೇ ದಾರಿ.

ಇನ್ನು ಕ್ಯಾಲಿಬ್ರೇಷನ್. ಡ್ರೋನನ್ನು ಕೈಯಲ್ಲಿ ಅಡ್ಡ ಹಿಡಿದು ಒಂದು ಪೂರ್ತಿ ಸುತ್ತು ತಿರುಗಬೇಕು, ಆಮೇಲೆ ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು. ಭದ್ರಾವತಿ ಕಡೆಯ ಒಂದು ಮದುವೆಯಲ್ಲಿ ಹುಡುಗನೊಬ್ಬ ಹೀಗೆ ಗಂಭೀರವಾಗಿ ತಿರುಗುತ್ತಿದ್ದಾಗ ಚಪ್ಪರದಡಿ ಕೂತಿದ್ದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು "ಏನೋ ಅದು, ಅದಕ್ಕೂ ದೃಷ್ಟಿ ತೆಗೀತಾರೇನೋ?" ಎಂದು ಕೇಳಿದ್ದರು. ನೋಡುವುದಕ್ಕೆ ಥೇಟ್ ಹಾಗೇ ಇರುತ್ತದೆ. ಒಂದು ಮಾತು: ಇದನ್ನೂ ಟೆರೇಸಿನ ಮೇಲೆ, ಜೇಬಿನಲ್ಲಿ ಬೈಕಿನ ಕೀ ಗೊಂಚಲು ಇಟ್ಟುಕೊಂಡು ಮಾಡಿದರೆ ಕೆಲಸ ಇನ್ನಷ್ಟು ಕೆಡುತ್ತದೆ. ಆಗ ಸುಳ್ಳು ಉತ್ತರವನ್ನೇ ಖಾಯಂ ಮಾಡಿಕೊಟ್ಟಂತೆ. ದಿನಾ ಬೆಳಗೆದ್ದು ಕ್ಯಾಲಿಬ್ರೇಷನ್ ಮಾಡುವ ಭಕ್ತರಿದ್ದಾರೆ, ಅದರ ಅಗತ್ಯವಿಲ್ಲ. ಆ್ಯಪ್ ಕೇಳಿದಾಗ, ತೀರ ದೂರದ ಊರಿಗೆ ಹೋದಾಗ, ಬಿದ್ದೆದ್ದ ಮೇಲೆ ಮಾಡಿದರೆ ಸಾಕು.

ಬ್ಯಾಟರಿಯ ವಿಚಾರಕ್ಕೆ ಬಂದರೆ ಗೆಳೆಯನ ಅಂಗಡಿಗೂ ಪಂಚಾಂಗಕ್ಕೂ ಸಂಬಂಧವಿದೆ. ವೈಶಾಖ, ಜ್ಯೇಷ್ಠದಲ್ಲಿ ಮದುವೆಯ ಭರಾಟೆ. ಬಿದ್ದ ಡ್ರೋನುಗಳೆಲ್ಲ ಆಗ ಬರುತ್ತವೆ. ಆಷಾಢ ಬಂತೆಂದರೆ ಮದುವೆಯೂ ಇಲ್ಲ, ಮೇಲಿಂದ ಮಲೆನಾಡಿನ ಮಳೆ. ಡ್ರೋನು ಪೆಟ್ಟಿಗೆ ಸೇರುತ್ತದೆ. ಶ್ರಾವಣದಲ್ಲಿ ಮತ್ತೆ ತೆಗೆದು ನೋಡಿದರೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿರುತ್ತದೆ. ಹಾಗಾಗಿ ಶ್ರಾವಣ ಉಬ್ಬಿದ ಬ್ಯಾಟರಿಗಳ ತಿಂಗಳು.

ಲಿಥಿಯಂ ಪಾಲಿಮರ್ ಬ್ಯಾಟರಿಗೆ ತುಂಬಿದ್ದೂ ಆಗದು, ಬರಿದಾದದ್ದೂ ಆಗದು. ಒಂದೊಂದು ಸೆಲ್ಲಿನ ಹೆಸರಿಗಿರುವ ವೋಲ್ಟೇಜು 3.7. ತುಂಬಿದಾಗ 4.2, ಕೆಲವು ಜಾತಿಯವು ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತವೆ. ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ರಸಾಯನ ಕೆಟ್ಟು ಗಾಳಿ ಹುಟ್ಟುತ್ತದೆ. ಪೂರ್ತಿ ಖಾಲಿಮಾಡಿ ಇಟ್ಟರೆ ತಾನೇ ಸೋರುತ್ತ 3 ವೋಲ್ಟಿಗಿಂತ ಕೆಳಗೆ ಜಾರಿ ಸತ್ತೇ ಹೋಗುತ್ತದೆ. ಎತ್ತಿಡುವಾಗ ಅರ್ಧಕ್ಕಿಂತ ತುಸು ಮೇಲೆ, ಶೇಕಡಾ 50ರಿಂದ 60ರಷ್ಟು ಇರಬೇಕು. ಈಗಿನ ಜಾಣ ಬ್ಯಾಟರಿಗಳು ಕೆಲವು ದಿನ ಮುಟ್ಟದಿದ್ದರೆ ತಾವಾಗಿ ಅಷ್ಟಕ್ಕೆ ಇಳಿದುಕೊಳ್ಳುತ್ತವೆ. ಅದನ್ನು ನಂಬಿ ಆರು ತಿಂಗಳು ಮರೆತರೆ ಮತ್ತೆ ಅದೇ ಕಥೆ, ಎರಡು ಮೂರು ತಿಂಗಳಿಗೊಮ್ಮೆಯಾದರೂ ತೆಗೆದು ವಿಚಾರಿಸಿಕೊಳ್ಳಬೇಕು.

ಉಬ್ಬಿದ್ದನ್ನು ಪತ್ತೆ ಮಾಡಲು ಉಪಕರಣ ಬೇಡ. ಗೆಳೆಯ ಅದನ್ನು ಗಾಜಿನ ಮೇಲೆ ಮಲಗಿಸಿ ಒಂದು ಮೂಲೆ ಬೆರಳಿನಿಂದ ಒತ್ತುತ್ತಾನೆ. ತೂಗಿದರೆ ಉಬ್ಬಿದೆ. "ಇನ್ನೊಂದು ಮದುವೆ ಮುಗಿಸ್ಕೊಳ್ತೀನಿ ಸಾರ್, ಆಮೇಲೆ ಹೊಸದು ತಗೊಳ್ತೀನಿ" ಎನ್ನುವವರೇ ಎಲ್ಲ. ಉಬ್ಬಿದ ಬ್ಯಾಟರಿ ಖಾನೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಕೊಂಡಿ ಅರ್ಧಂಬರ್ಧ ಸಿಕ್ಕಿರುತ್ತದೆ. ನೂರಡಿ ಮೇಲೆ ಒಂದು ಕುಲುಕಿಗೆ ಕಳಚಿಕೊಂಡರೆ ಡ್ರೋನು ಕಲ್ಲಿನಂತೆ ಬೀಳುತ್ತದೆ, ಕೆಳಗೆ ಓಲಗದವರು ಕೂತಿರುತ್ತಾರೆ. ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಗಾಳಿ ತೆಗೆಯುವ ಸಾಹಸ ಮಾತ್ರ ಯಾರೂ ಮಾಡಬಾರದು, ಬೆಂಕಿ ಹತ್ತುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಏಪ್ರಿಲ್ ಬಿಸಿಲಿಗೆ ಇಡುವುದು, ಇಳಿಸಿದ ಕೂಡಲೇ ಸುಡುಸುಡು ಇರುವಾಗಲೇ ಚಾರ್ಜಿಗೆ ಹಾಕುವುದು, ಇವೆರಡು ಬಿಟ್ಟರೆ ಬ್ಯಾಟರಿಯ ಅರ್ಧ ಆಯುಷ್ಯ ಉಳಿದಂತೆ.

ರೆಕ್ಕೆಯದು ಇನ್ನೊಂದು ತಮಾಷೆ. ಪ್ರೊಪೆಲರ್ ಅನ್ನಲು ಯಾರಿಗೂ ವ್ಯವಧಾನವಿಲ್ಲ, ಅಂಗಡಿಯಲ್ಲಿ ಎಲ್ಲರಿಗೂ ಅದು ರೆಕ್ಕೆಯೇ. ನಾಲ್ಕರಲ್ಲಿ ಎರಡು ಎಡಸುತ್ತು, ಎರಡು ಬಲಸುತ್ತು. ಕಂಪನಿಯವರು ಒಂದು ಜೊತೆಗೆ ಗುರುತು ಹಾಕಿ, ಮೋಟಾರಿನ ಮೇಲೂ ಅದೇ ಗುರುತು ಹಾಕಿರುತ್ತಾರೆ. ಅದಲುಬದಲು ಹಾಕಿ ಎತ್ತಿದರೆ ಗಾಳಿ ಕೆಳಕ್ಕೆ ತಳ್ಳಬೇಕಾದ ರೆಕ್ಕೆ ಮೇಲಕ್ಕೆ ತಳ್ಳಿ ಡ್ರೋನು ಜಾಗದಲ್ಲೇ ಲಾಗ ಹಾಕುತ್ತದೆ. ಎತ್ತಿದ ಕ್ಷಣವೇ ಮಗುಚಿತು ಎಂದು ಫೋನು ಬಂದರೆ ಗೆಳೆಯ ಡ್ರೋನು ನೋಡದೆಯೇ "ರೆಕ್ಕೆ ಬಿಚ್ಚಿದ್ರಾ?" ಅನ್ನುತ್ತಾನೆ.

ರೆಕ್ಕೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ಸವರಿಕೊಂಡು ಹೋಗಬೇಕು. ಕಣ್ಣಿಗೆ ಕಾಣದ ಮುಕ್ಕು ಉಗುರಿಗೆ ಸಿಗುತ್ತದೆ. ಆ ಒಂದು ಮುಕ್ಕಿನಿಂದ ತೂಕ ಏರುಪೇರಾಗಿ ಇಡೀ ಮೈ ನಡುಗುತ್ತದೆ, ವಿಡಿಯೋದಲ್ಲಿ ದೇವಸ್ಥಾನದ ಗೋಪುರ ನೀರಿನಲ್ಲಿಟ್ಟಂತೆ ಅಲುಗುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ತಂದ ಎಷ್ಟೋ ಡ್ರೋನು ಎರಡು ಹೊಸ ರೆಕ್ಕೆಯಲ್ಲಿ ಗುಣವಾಗಿವೆ. ಅಂಟು ಹಾಕಿ, ಮೇಣದಬತ್ತಿಯ ಶಾಖದಲ್ಲಿ ನೆಟ್ಟಗೆ ಮಾಡಿ ತರುವ ಪುಣ್ಯಾತ್ಮರೂ ಇದ್ದಾರೆ. ಅವರ ಜೊತೆ ವಾದ ಮಾಡುವುದನ್ನು ಇವನು ಬಿಟ್ಟಿದ್ದಾನೆ.

ರೆಕ್ಕೆ ತೆಗೆದ ಮೇಲೆ ಮೋಟಾರನ್ನು ಬೆರಳಿನಿಂದ ತಿರುಗಿಸುತ್ತಾನೆ, ನಾಲ್ಕನ್ನೂ, ಕಿವಿ ಹತ್ತಿರ ತಂದು. ಮೂರು ಒಂದೇ ಥರ ನುಣ್ಣಗೆ ತಿರುಗಿ, ನಾಲ್ಕನೆಯದು ಎಲ್ಲೋ ಒಂದು ಕಡೆ ಕಿರಕ್ ಅಂದರೆ ರೋಗ ಅಲ್ಲಿದೆ. ಗೋಕರ್ಣ, ಮರವಂತೆಗೆ ಹೋಗಿ ಬಂದವುಗಳ ಮೋಟಾರಿನೊಳಗೆ ಮರಳಿನ ಕಪ್ಪು ಪುಡಿ ಕೂತಿರುತ್ತದೆ. ಕಡಲ ಮರಳಿನಲ್ಲಿ ಬೆರೆತ ಕಬ್ಬಿಣದ ಅಂಶ ಅದು, ಒಳಗಿನ ಮ್ಯಾಗ್ನೆಟ್ಟು ಕರೆದು ಅಂಟಿಸಿಕೊಂಡಿರುತ್ತದೆ, ಊದಿದರೆ ಹೋಗದು. ಒಮ್ಮೆ ಚಿಮಟದಲ್ಲಿ ಮೊಳ ಉದ್ದದ ಕೂದಲು ಎಳೆದು ತೆಗೆದ. ಅಕ್ಷದ ಸುತ್ತ ಬಿಗಿಯಾಗಿ ಸುತ್ತಿಕೊಂಡು ಮೋಟಾರನ್ನು ಕಾಯಿಸುತ್ತಿತ್ತು. ಮದುಮಗಳ ಶಾಟ್ ತೆಗೆಯಲು ತೀರ ಹತ್ತಿರ ಹೋಗಿದ್ದರಂತೆ. ಹುಡುಗಿಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು.

ಸಣ್ಣಪುಟ್ಟವು ಇನ್ನೂ ಇವೆ. ಕ್ಯಾಮೆರಾದ ಕವರ್ ತೆಗೆಯದೆ ಸ್ವಿಚ್ ಒತ್ತುವುದು: ಒಳಗಿನ ಪುಟಾಣಿ ಮೋಟಾರು ಕತ್ತು ಎತ್ತಲು ಒದ್ದಾಡಿ ಎರರ್ ತೋರಿಸುತ್ತದೆ. ನಿಧಾನದ ಮೆಮೊರಿ ಕಾರ್ಡು ಹಾಕಿ ನಾಲ್ಕು-ಕೆ ವಿಡಿಯೋ ತೆಗೆಯಲು ಹೋಗಿ, ಸರಿಯಾಗಿ ಧಾರೆಯ ಹೊತ್ತಿಗೆ ರೆಕಾರ್ಡಿಂಗ್ ನಿಂತುಹೋಗುವುದು. ಕಂಟ್ರೋಲರಿನ ಆ್ಯಂಟೆನಾ ತುದಿಯನ್ನು ಡ್ರೋನಿನ ಕಡೆ ಗುರಿಯಿಟ್ಟು ಹಿಡಿಯುವುದು: ತುದಿಯಿಂದ ಸಿಗ್ನಲ್ ಹೋಗುವುದೇ ಇಲ್ಲವೆನ್ನುವಷ್ಟು ಕಡಿಮೆ, ಚಪ್ಪಟೆ ಮುಖ ಡ್ರೋನಿನ ಕಡೆ ಇರಬೇಕು. ಮುಹೂರ್ತದ ದಿನ ಬೆಳಿಗ್ಗೆ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತುವುದು: ಡ್ರೋನು ಹೊಸದಾಗಿ, ಕಂಟ್ರೋಲರು ಹಳೆಯದಾಗಿಯೇ ಉಳಿದು, ಮಂಟಪದ ನೆಟ್ಟು ಕೈಕೊಟ್ಟು, ಫೋಟೋಗ್ರಾಫರು ಬೆವರುವ ದೃಶ್ಯ ನಾನೇ ನೋಡಿದ್ದೇನೆ. ಹದ್ದಿನ ಕಾಟವೂ ಉಂಟು. ಹದ್ದು ಮೇಲಿನಿಂದ ಎರಗುತ್ತದೆ, ಆದ್ದರಿಂದ ಹೆದರಿ ಕೆಳಗಿಳಿಸದೆ ನೇರ ಮೇಲಕ್ಕೆ ಎತ್ತಿದರೆ ಅದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮರಿ ಮಾಡುವ ಕಾಲದಲ್ಲಿ ಆ ಕಡೆ ಹೋಗದಿರುವುದು ಎರಡೂ ಕಡೆಯವರಿಗೆ ಒಳ್ಳೆಯದು.

ನೀರಿನ ಮೇಲೆ ಹೊಟ್ಟೆಯಡಿಯ ಕ್ಯಾಮೆರಾ ಮೋಸಹೋಗುತ್ತದೆ. ನೆಲದ ಗುರುತು ಹಿಡಿದು ನಿಲ್ಲುವ ಡ್ರೋನು, ತುಂಗೆಯ ಮೇಲೆ ಆಳೆತ್ತರದಲ್ಲಿ ನಿಂತರೆ, ಹರಿಯುವ ಅಲೆಯನ್ನೇ ನೆಲವೆಂದು ತಿಳಿದು ಹೊಳೆಯ ಜೊತೆ ಹೊರಟುಬಿಡಬಹುದು. ನೀರು ಮುಟ್ಟುವಂಥ ಶಾಟ್ ಬೇಕೆಂಬ ಆಸೆಯೇ ಮುಳುವು, ಎರಡಾಳು ಮೂರಾಳು ಎತ್ತರದಲ್ಲಿದ್ದರೆ ತೊಂದರೆ ಕಡಿಮೆ. ಮುಳುಗಿದ್ದನ್ನು ತೆಗೆದವರು ಅಕ್ಕಿ ಡಬ್ಬದಲ್ಲಿ ಹೂತಿಟ್ಟುಕೊಂಡು ಬರುತ್ತಾರೆ. ಅಕ್ಕಿಯಿಂದ ಆಗುವುದು ಒಳಗೆ ಹಿಟ್ಟು ಮೆತ್ತುವುದಷ್ಟೆ. ಮೊದಲು ಬ್ಯಾಟರಿ ಕಳಚಬೇಕು, ಆನ್ ಮಾಡಿ ನೋಡುವ ಕುತೂಹಲ ಅದುಮಿಕೊಳ್ಳಬೇಕು, ಹಾಗೇ ರಿಪೇರಿಗೆ ತರಬೇಕು. ಸಮುದ್ರದ ಉಪ್ಪುನೀರಾದರೆ ಪಾರ್ಟ್ಸಿಗೆ ಇಟ್ಟುಕೊಳ್ಳಬಹುದು.

ಪಾರ್ಟ್ಸು ಅಂದಾಗ ಇಲ್ಲಿನ ಕಷ್ಟವೊಂದನ್ನು ಹೇಳಬೇಕು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಡ್ರೋನುಗಳ ಆಮದು ನಿಲ್ಲಿಸಿತು. ರಕ್ಷಣೆ, ಸಂಶೋಧನೆಯಂಥ ಕೆಲಸಗಳಿಗಷ್ಟೇ ವಿನಾಯಿತಿ. ಬಿಡಿಭಾಗ ತರಿಸಲು ಅಡ್ಡಿಯಿಲ್ಲ. ಆದರೂ ಶಿವಮೊಗ್ಗದಂಥ ಊರಿನಲ್ಲಿ ಒಂದು ಕ್ಯಾಮೆರಾದ ರಿಬ್ಬನ್ ಕೇಬಲ್ಲಿಗೆ ವಾರಗಟ್ಟಲೆ ಕಾಯುತ್ತಾರೆ, ಕಾದು ಬಂದದ್ದು ಬೇರೆ ಮಾಡೆಲ್ಲಿನದಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಹಳೆಯ ಮಾಲೀಕರ ಅಕೌಂಟಿಗೆ ಗಂಟುಬಿದ್ದ ಡ್ರೋನು, ಅವರು ಬಿಡಿಸಿಕೊಡುವವರೆಗೆ ಏಳುವುದಿಲ್ಲ. ಬಿದ್ದ ಮೇಲೆ ರಿಪೇರಿ ಮಾಡಿಸಿದರಾಯಿತು ಎನ್ನುವ ಧೈರ್ಯ ನಮಗೆ ಎಟಕುವುದಲ್ಲ. ಪುಟ್ಟ ಡ್ರೋನುಗಳು 249 ಗ್ರಾಂ ತೂಗುವುದರ ಹಿಂದೆಯೂ ಕಾನೂನಿದೆ. 2021ರ ನಮ್ಮ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ನ್ಯಾನೋ, ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಅದಕ್ಕೆ ಮಿಣುಕು ಲೈಟು, ಎತ್ತರದ ಕಾಲು, ರೆಕ್ಕೆಗೆ ಬೇಲಿ ಎಲ್ಲ ಸಿಕ್ಕಿಸಿದರೆ ನ್ಯಾನೋತನವೂ ಹೋಯಿತು, ಮೋಟಾರಿನ ಪ್ರಾಣವೂ ಹೋಯಿತು. ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲಿ ಮೇಲಿನ ಮಿತಿ 400 ಅಡಿ. ಹಾರಾಟಕ್ಕೆ ನಿರ್ಬಂಧವಿರುವ ಕೆಂಪು ವಲಯದಲ್ಲಿ ನ್ಯಾನೋ ಎಂದು ಯಾರೂ ಬಿಡುವುದಿಲ್ಲ.

ಎತ್ತರದ ಲೆಕ್ಕದಲ್ಲಿ ಬೆಟ್ಟದ ಊರಿನವರು ನೆನಪಿಡಬೇಕಾದದ್ದೊಂದಿದೆ. ಪರದೆಯಲ್ಲಿ 80 ಮೀಟರ್ ಎಂದು ತೋರಿಸಿದರೆ ಅದು ಎತ್ತಿದ ಜಾಗದಿಂದ 80 ಮೀಟರ್, ಈಗ ಕೆಳಗಿರುವ ನೆಲದಿಂದಲ್ಲ. ಮುಳ್ಳಯ್ಯನಗಿರಿಯ ಬುಡದಲ್ಲೆಲ್ಲೋ ನಿಂತು ಎತ್ತಿ ಇಳಿಜಾರಿನ ಮೇಲೆ ಓಡಿಸಿದರೆ ಸಂಖ್ಯೆ 80 ಅಂತಲೇ ಇರುತ್ತದೆ, ಬೆಟ್ಟ ಮಾತ್ರ ಮೇಲೆ ಬರುತ್ತಿರುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬರಬೇಕು. ಇದನ್ನು ತಿರುವುಮುರುವು ಮಾಡಿದವರ ಡ್ರೋನುಗಳು ಬಾಬಾಬುಡನ್‌ಗಿರಿಯ ಹುಲ್ಲಿನಲ್ಲಿ ಎಷ್ಟು ಬಿದ್ದಿವೆಯೋ.

ನಮ್ಮ ಕಡೆ ಅತಿ ಹೆಚ್ಚು ಡ್ರೋನು ನುಂಗಿದ್ದು ಬೆಟ್ಟವೂ ಅಲ್ಲ, ಹೊಳೆಯೂ ಅಲ್ಲ, ತೋಟ. ಸಿಗ್ನಲ್ ತಪ್ಪಿದರೆ ಡ್ರೋನು ತಾನೇ ಮನೆಗೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಹೇಗೆ ಬರುತ್ತದೆ ಎಂಬುದು ಗೊತ್ತಿರುವುದಿಲ್ಲ. ಅದು ಮೊದಲು ನಿಂತಲ್ಲಿಂದ ನೇರ ಮೇಲೇರುತ್ತದೆ, ನಾವು ಬರೆದಿಟ್ಟ ಎತ್ತರ ಮುಟ್ಟಿ, ಅಲ್ಲಿಂದ ಅಡ್ಡ ಹಾರಿ, ಮನೆ ಎಂದು ಗುರುತು ಹಾಕಿಕೊಂಡ ಜಾಗದ ಮೇಲೆ ಬಂದು ಇಳಿಯುತ್ತದೆ. ಉಪಗ್ರಹಗಳು ಸಿಗುವ ಮೊದಲೇ ಅವಸರದಿಂದ ಎತ್ತಿದರೆ ಮನೆಯ ಗುರುತು ದಾರಿಯ ಮಧ್ಯೆ ಇನ್ನೆಲ್ಲೋ ಬೀಳುತ್ತದೆ. ಎತ್ತರ 20 ಮೀಟರ್ ಎಂದಿಟ್ಟು, ಅದಕ್ಕಿಂತ ಎತ್ತರದ ತೆಂಗಿದ್ದರೆ ಮುಗಿಯಿತು. ಇನ್ನು ಅಡಿಕೆಯ ಸಾಲಿನ ನಡುವೆ ಓಡಿಸುವಾಗ ಸಿಗ್ನಲ್ ಹೋದರೆ ಅದು ನಿಯತ್ತಿನಿಂದ ನೇರ ಮೇಲೇರಿ ಗರಿಯೊಳಗೇ ನುಗ್ಗುತ್ತದೆ. ಸಣ್ಣ ಡ್ರೋನುಗಳಲ್ಲಿ ಹೆಚ್ಚಿನವಕ್ಕೆ ತಲೆಯ ಮೇಲೆ ಕಣ್ಣಿಲ್ಲ. ಮುಂದೆ ಕಣ್ಣಿರುವವಕ್ಕೂ ಸಣ್ಣ ಕಡ್ಡಿ, ವಿದ್ಯುತ್ ತಂತಿ ಕಾಣುವುದಿಲ್ಲ. ತೋಟದೊಳಗೆ ಹೋಗುವ ಮುಂಚೆ ಸೆಟ್ಟಿಂಗಿನಲ್ಲಿ ಸಿಗ್ನಲ್ ಹೋದರೆ ಮನೆಗೆ ಬಾ ಎಂಬುದನ್ನು ಬದಲಿಸಿ, ಇದ್ದಲ್ಲೇ ನಿಲ್ಲು ಎಂದಿಡಬೇಕು. ನಾವೇ ನಾಲ್ಕು ಹೆಜ್ಜೆ ಹತ್ತಿರ ಹೋದರೆ ಸಿಗ್ನಲ್ ಮತ್ತೆ ಸಿಗುತ್ತದೆ. ತೋಟದಿಂದ ಹೊರಗೆ ಬಂದ ಮೇಲೆ ಮೊದಲಿನಂತೆ ಬದಲಿಸುವುದನ್ನು ಮರೆಯಬಾರದು.

ತೀರ್ಥಹಳ್ಳಿ ಹತ್ತಿರದ ಒಂದು ಗೃಹಪ್ರವೇಶಕ್ಕೆ ಗೆಳೆಯನ ಜೊತೆ ನಾನೂ ಹೋಗಿದ್ದೆ. ಊಟ ಮುಗಿದು ಎಲೆಯಡಿಕೆ ಹಾಕುವ ಹೊತ್ತಿಗೆ ಫೋಟೋ ತೆಗೆಯುವ ಹುಡುಗ ಓಡಿ ಬಂದ. ಹಿತ್ತಲ ತೆಂಗಿನ ಗರಿಯಲ್ಲಿ ಅವನ ಡ್ರೋನು ಅಡ್ಡಡ್ಡ ಸಿಕ್ಕಿಕೊಂಡಿತ್ತು, ಕೆಂಪು ದೀಪ ಮಿಟುಕಿಸುತ್ತ. ಹುಡುಗ ಹೇಗಾದರೂ ಬಿಡಿಸಿಕೊಳ್ಳಲಿ ಎಂದು ಸ್ಟಿಕ್ಕು ಮೇಲೆ ಒತ್ತಿ ಹಿಡಿದಿದ್ದ. ರೆಕ್ಕೆ ಗರಿಗೆ ತಾಗಿ ಕರಕರ ಅನ್ನುತ್ತಿತ್ತು. ಗೆಳೆಯ ಅವನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಎಡ ಸ್ಟಿಕ್ಕನ್ನು ಪೂರ್ತಿ ಕೆಳಗೆ ಒತ್ತಿ ಮೋಟಾರು ನಿಲ್ಲಿಸಿದ. ತಿರುಗಲಾಗದ ಮೋಟಾರಿಗೆ ಕರೆಂಟು ಕೊಡುತ್ತ ಹೋದರೆ ರೆಕ್ಕೆಯ ಜೊತೆ ಮೋಟಾರು, ಅದರ ಬೋರ್ಡು ಎರಡೂ ಸುಟ್ಟುಹೋಗುತ್ತವೆ. ಯಾರೋ ಆಗಲೇ ಕಲ್ಲು ಆರಿಸುತ್ತಿದ್ದರು, ಅವರನ್ನೂ ತಡೆದದ್ದಾಯಿತು.

ಕಾಯಿ ಕೀಳುವವನನ್ನು ಕರೆಸಿದರು. ಅವನು ಮರದ ಬುಡದಲ್ಲಿ ನಿಂತು ಮೇಲೆ ನೋಡಿ, "ಅದು ಮೇಲೆ ಬಂದು ಕಚ್ಚಲ್ಲ ತಾನೆ?" ಅಂದ.

"ನಿಂತಿದೆ ಮಾರಾಯ, ರೆಕ್ಕೆ ಹಿಡ್ಕೋಬೇಡ, ಹೊಟ್ಟೆ ಹಿಡಿ. ಮೊದಲು ಬ್ಯಾಟರಿ ಎಳೆದು ಜೇಬಿಗೆ ಹಾಕ್ಕೋ" ಎಂದು ಗೆಳೆಯ ಕೆಳಗಿನಿಂದ ಪಾಠ ಮಾಡಿದ. ಅವನು ಹತ್ತಿ, ಹೇಳಿದ ಹಾಗೇ ಮಾಡಿ, ಡ್ರೋನನ್ನು ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಬಿಟ್ಟ. ಎರಡು ರೆಕ್ಕೆ ಹೋಗಿದ್ದವು, ಕ್ಯಾಮೆರಾ ಜೋತುಬಿದ್ದಿತ್ತು. ಹುಡುಗ ಆ ಕೂಡಲೇ ಬ್ಯಾಟರಿ ಹಾಕಿ ನೋಡಲು ಹೊರಟದ್ದನ್ನು ಗೆಳೆಯ ಕಣ್ಣಲ್ಲೇ ನಿಲ್ಲಿಸಿದ. ಮೇಲಿನಿಂದ ಕೂಗು ಬಂತು: "ಯಜಮಾನ್ರೇ, ಹೆಂಗೂ ಹತ್ತಿದ್ದೀನಿ, ಬಲ್ತಿರೋ ಕಾಯಿ ಐತೆ, ಇಳಿಸ್ಲಾ?"

ಯಜಮಾನರು ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿಕೊಂಡು, "ಇಳಿಸು ಇಳಿಸು, ಕೂಲಿ ಮಾತ್ರ ಫೋಟೋದವ್ರ ಹತ್ರಾನೇ ಇಸ್ಕೋ" ಅಂದರು.